ಗಾಲ್ಫ್ ಅಭ್ಯಾಸ: ರೇಂಜ್‌ನಲ್ಲಿ ಬೀಳುವ ಹೊಡೆತ ಕೋರ್ಸ್‌ನಲ್ಲೂ ಬೀಳಬೇಕಾದರೆ

ಒಂದು ಬುಟ್ಟಿ ಚೆಂಡು ತಗೊಂಡು, 7 ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್) ಹಿಡಿದು ರೇಂಜ್‌ನಲ್ಲಿ, ಅಂದರೆ ಹೊಡೆತ ಅಭ್ಯಾಸ ಮಾಡುವ ಬಯಲಿನಲ್ಲಿ ನಿಲ್ಲುತ್ತೀರಿ. ಮೊದಲ ಹತ್ತು ಚೆಂಡು ಅತ್ತಿತ್ತ ಹೋಗುತ್ತವೆ. ಇಪ್ಪತ್ತರ ಹೊತ್ತಿಗೆ ಕೈ ಕುದುರುತ್ತದೆ. ಐವತ್ತನೆಯದು ನೆಟ್ಟಗೆ ಹೋದಾಗ ‘ಅಬ್ಬಾ, ಇವತ್ತು ಸಿಕ್ಕಿತು’ ಅನಿಸುತ್ತದೆ. ಭಾನುವಾರ ಕೋರ್ಸ್‌ನಲ್ಲಿ ಅದೇ 7 ಐರನ್ ತೆಗೆದರೆ ಚೆಂಡಿಗಿಂತ ಮೊದಲು ನೆಲಕ್ಕೆ ಏಟು ಬೀಳುತ್ತದೆ.

ಕೋರ್ಸ್‌ನಲ್ಲಿ ಐವತ್ತನೆಯ ಚೆಂಡು ಅನ್ನುವುದೇ ಇಲ್ಲ. ಅಲ್ಲಿ ಎಲ್ಲವೂ ಮೊದಲನೆಯದೇ. ಒಂದು ಹೊಡೆದು, ನಡೆದು, ಐದು ನಿಮಿಷ ಬಿಟ್ಟು ಬೇರೆ ಕ್ಲಬ್‌ನಲ್ಲಿ ಇನ್ನೊಂದು ಹೊಡೆಯುತ್ತೀರಿ. ಅದಕ್ಕೆ ತಯಾರಿ ಬೇಕಾದರೆ ಅಭ್ಯಾಸದ ಕ್ರಮವೇ ಬೇರೆ ಇರಬೇಕು. ಕೆಳಗಿನದ್ದು ಆ ಕ್ರಮ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಎಡಗೈಯವರು ಎಡಬಲ ಅದಲುಬದಲು ಮಾಡಿಕೊಳ್ಳಿ. ‘ಗ್ರೀನ್’ ಅಂದರೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳ, ‘ಕುಳಿ’ ಅಂದರೆ ಅದರ ಮೇಲೆ ಚೆಂಡು ಬೀಳಿಸಬೇಕಾದ ತೂತು, ‘ಹೋಲ್’ ಅಂದರೆ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗದಿಂದ) ಅಲ್ಲಿಯವರೆಗಿನ ಇಡೀ ದಾರಿ.

## ಬ್ಯಾಗ್‌ನಲ್ಲಿ ಇರಬೇಕಾದ್ದು

ಎರಡು ಉದ್ದ ಕೋಲು (ಅಲೈನ್‌ಮೆಂಟ್ ಸ್ಟಿಕ್ ಇಲ್ಲದಿದ್ದರೆ ಯಾವುದೇ ನೇರವಾದ ಕಡ್ಡಿ ಸಾಕು), ಒಂದು ಚಿಕ್ಕ ಟವಲ್, ಒಂದು ಹಿಡಿ ಟೀ (ಚೆಂಡು ಕೂರಿಸಲು ನೆಲಕ್ಕೆ ಚುಚ್ಚುವ ಚಿಕ್ಕ ಕಡ್ಡಿ; ಇದಕ್ಕೂ ಟೀ ಅಂತಲೇ ಹೆಸರು), ವೈಟ್‌ಬೋರ್ಡ್ ಮಾರ್ಕರ್, ಜೇಬಿಗೆ ಹಿಡಿಸುವ ಪುಸ್ತಕ, ಪೆನ್ಸಿಲ್. ಫೋನ್ ಹೇಗೂ ಇರುತ್ತದೆ, ಆದರೆ ಅದನ್ನು ಹೊರಗೆ ತೆಗೆಯುವುದು ಒಂದೇ ಒಂದು ಹಂತದಲ್ಲಿ. ಬ್ಯಾಗ್‌ನಲ್ಲಿ ಇದ್ದೂ ಜನ ಬಳಸದೆ ಬಿಡುವ ವಸ್ತು ಅಂದರೆ ಪುಸ್ತಕ. ಶುರು ಮಾಡುವುದು ಅದರಿಂದಲೇ.

## ಹಂತ 1: ಮೂರು ಆಟದ ಲೆಕ್ಕ ಬರೆಯಿರಿ

ಏನನ್ನೂ ಬದಲಾಯಿಸದೆ ಮೂರು ರೌಂಡ್ ಆಡಿ. ಪ್ರತಿ ಹೋಲ್‌ಗೂ ನಾಲ್ಕು ವಿಷಯ ಗುರುತು ಹಾಕಿ: ಟೀಯಿಂದ ಹೊಡೆದದ್ದು ಆಡುವಂಥ ಜಾಗದಲ್ಲಿ ಬಿತ್ತೋ, ದಂಡ (ಚೆಂಡು ಕಳೆದರೆ ಅಥವಾ ನೀರಿಗೆ ಬಿದ್ದರೆ ಲೆಕ್ಕಕ್ಕೆ ಸೇರುವ ಹೆಚ್ಚುವರಿ ಹೊಡೆತ) ಆಯಿತೋ, ಗ್ರೀನ್‌ಗೆಂದು ಹೊಡೆದದ್ದು ಎಡಕ್ಕೋ ಬಲಕ್ಕೋ, ಮುಂಚೆಯೇ ಬಿತ್ತೋ ದಾಟಿತೋ, 50 ಗಜದ ಒಳಗೆ ಬಂದ ಮೇಲೆ ಗ್ರೀನ್ ಹತ್ತಲು ಎಷ್ಟು ಹೊಡೆತ, ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಎಷ್ಟು, ಮೊದಲ ಪಟ್ ಎಷ್ಟು ಹೆಜ್ಜೆ ದೂರದಿಂದ.

ನಾನು ಒಂದು ವರ್ಷ ಪೂರ್ತಿ ಡ್ರೈವರ್ (ಟೀಯಿಂದ ಅತಿ ದೂರ ಹೊಡೆಯುವ ಕ್ಲಬ್) ಸರಿಮಾಡುವುದರಲ್ಲೇ ಕಳೆದಿದ್ದೆ. ಲೆಕ್ಕ ಬರೆದು ನೋಡಿದರೆ ಮೂರು ರೌಂಡ್‌ನಲ್ಲಿ ಹನ್ನೊಂದು ಸಲ ಮೂರು ಪಟ್ ಹೊಡೆದಿದ್ದೆ, ಡ್ರೈವರ್‌ನಿಂದ ದಂಡ ಆದದ್ದು ಎರಡೇ ಸಲ! ಪಾರ್ 72ರ ಕೋರ್ಸ್ ಅಂದರೆ ಒಳ್ಳೆಯ ಆಟಗಾರ 18 ಹೋಲ್‌ಗಳನ್ನು 72 ಹೊಡೆತದಲ್ಲಿ ಮುಗಿಸಬೇಕಾದ ಕೋರ್ಸ್; ಆ ಲೆಕ್ಕದಲ್ಲಿ ಹೋಲ್‌ಗೆ ಎರಡರಂತೆ 36 ಪಟ್ ಸೇರಿರುತ್ತವೆ, ಅಂದರೆ ಅರ್ಧ ಆಟ. ಅದಕ್ಕೆ ನಾನು ಕೊಡುತ್ತಿದ್ದ ಸಮಯ ಕಾರಿಗೆ ಹೋಗುವ ಮುಂಚಿನ ಐದು ನಿಮಿಷ.

ಹಾಗಂತ ಎಲ್ಲರ ರೋಗವೂ ಪಟ್ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಲೆಕ್ಕ ತೆಗೆದು ತೋರಿಸಿದ ಪ್ರಕಾರ, ಒಳ್ಳೆಯ ಆಟಗಾರರಿಗೂ ಉಳಿದವರಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 100 ಗಜಕ್ಕಿಂತ ದೂರದ ಹೊಡೆತಗಳಿಂದಲೇ ಬರುತ್ತದೆ. ಅದಕ್ಕೇ ಬೇರೆಯವರ ಮಾತು ಕೇಳಿ ಹೊರಡಬೇಡಿ, ನನ್ನದನ್ನೂ ಸೇರಿಸಿ. ನಿಮ್ಮ ಪುಸ್ತಕ ನೋಡಿ. ರೌಂಡ್‌ಗೆ ಎರಡಕ್ಕಿಂತ ಜಾಸ್ತಿ ದಂಡ ಇದ್ದರೆ ಹಂತ 6 ಮತ್ತು 7ಕ್ಕೆ ಹೆಚ್ಚು ಸಮಯ ಕೊಡಿ. ಮೂರು ಪಟ್ ಜಾಸ್ತಿ ಇದ್ದರೆ ಹಂತ 3. ಗ್ರೀನ್‌ಗೆ ಹೊಡೆದದ್ದೆಲ್ಲ ಮುಂಚೆಯೇ ಬೀಳುತ್ತಿದ್ದರೆ ಅಭ್ಯಾಸವೇ ಬೇಡ, ಮುಂದಿನ ಸಲ ಒಂದು ನಂಬರ್ ದೊಡ್ಡ ಕ್ಲಬ್ ತೆಗೆಯಿರಿ. 8ರ ಜಾಗದಲ್ಲಿ 7. ತಮಾಷೆಯಲ್ಲ, ಬಹಳ ಜನರಿಗೆ ಎರಡು ಮೂರು ಸ್ಟ್ರೋಕ್ ಇಲ್ಲೇ ಉಳಿಯುತ್ತದೆ.

## ಹಂತ 2: ಮೂರು ಅಡಿಯ ಪಟ್

ಲೆಕ್ಕ ಏನೇ ಹೇಳಲಿ, ಶುರು ಇಲ್ಲಿಂದ. ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ ಅನ್ನುವುದು ಕೈಗೆ ಗೊತ್ತಾಗಲು ಇದಕ್ಕಿಂತ ಸುಲಭದ ಪಾಠ ಇಲ್ಲ.

ಕುಳಿಯಿಂದ ಮೂರು ಅಡಿ ದೂರದಲ್ಲಿ, ಆದಷ್ಟು ಸಮತಟ್ಟಾದ ಜಾಗದಲ್ಲಿ ಚೆಂಡು ಇಡಿ. ಪಟರ್‌ನ ತಲೆ ಎರಡೂ ಕಡೆ ಒಂದೊಂದು ಬೆರಳಿನಷ್ಟು ಜಾಗ ಬಿಟ್ಟು ಹಾಯುವಂತೆ ಎರಡು ಟೀ ಚುಚ್ಚಿ. ಚೆಂಡಿನ ಮುಂದೆ ಒಂದು ಅಡಿ ದೂರದಲ್ಲಿ, ಚೆಂಡು ಮಾತ್ರ ನುಸುಳುವಷ್ಟು ಸಂದು ಬಿಟ್ಟು ಇನ್ನೆರಡು ಟೀ. ಮೊದಲ ಬಾಗಿಲಿಗೆ ಪಟರ್ ತಾಗಿದರೆ ಮುಖದ ನಡುವಿನಲ್ಲಿ ಹೊಡೆಯುತ್ತಿಲ್ಲ ಅಂತ. ಎರಡನೆಯದಕ್ಕೆ ಚೆಂಡು ತಾಗಿದರೆ ಮುಖ ತಿರುಗಿದೆ ಅಂತ. ಯಾವ ಕಡೆಯ ಟೀಗೆ ತಾಗಿತು ಅಂತ ಗಮನಿಸಿ, ಅದೇ ನಿಮ್ಮ ರೋಗ.

ಇಷ್ಟೊಂದು ಸೂಕ್ಷ್ಮ ಯಾಕೆ? ಹತ್ತು ಅಡಿಯ ಪಟ್‌ನಲ್ಲಿ ಚೆಂಡು ಬರೀ 1 ಡಿಗ್ರಿ ಓರೆಯಾಗಿ ಹೊರಟರೂ ಕುಳಿಯ ನಡುವಿನಿಂದ ಸುಮಾರು 2 ಇಂಚು ಪಕ್ಕಕ್ಕೆ ಹೋಗುತ್ತದೆ. ಕುಳಿಯ ಅಗಲವೇ 4.25 ಇಂಚು. ಅಂದರೆ ಅಂಚಿಗೆ ಬಂತು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಚೆಂಡಿನ ಹಿಂದೆಯೇ ತಲೆ ಎತ್ತಿ ನೋಡುವುದು. ತಲೆ ಎದ್ದರೆ ಭುಜ ತಿರುಗುತ್ತದೆ, ಮುಖವೂ ತಿರುಗುತ್ತದೆ. ಚೆಂಡು ಬೀಳುವುದನ್ನು ಕಿವಿಯಲ್ಲಿ ಕೇಳಿ, ಕಣ್ಣಲ್ಲಿ ನೋಡಬೇಡಿ. ಸತತ ಹತ್ತು ಬಿದ್ದರೆ ಮುಂದಿನ ಹಂತ. ಒಂದು ತಪ್ಪಿದರೆ ಮತ್ತೆ ಒಂದರಿಂದ. ಎಂಟಾದ ಮೇಲೆ ಎದೆ ಸ್ವಲ್ಪ ಡವಗುಟ್ಟಬೇಕು, ಅದೂ ಅಭ್ಯಾಸವೇ. ಹದಿನೈದು ನಿಮಿಷದಲ್ಲಿ ಆಗದಿದ್ದರೆ ಬಿಟ್ಟು ಮುಂದೆ ಹೋಗಿ, ನಾಳೆ ಮಾಡಿದರಾಯಿತು.

## ಹಂತ 3: ದೂರದ ಪಟ್‌ನಲ್ಲಿ ವೇಗ

ಮೂರು ಪಟ್ ಆಗುವುದಕ್ಕೆ ದಿಕ್ಕಿಗಿಂತ ವೇಗವೇ ಹೆಚ್ಚಾಗಿ ಕಾರಣ. ಮೂವತ್ತು ಅಡಿಯಿಂದ ಎರಡು ಅಡಿ ಪಕ್ಕಕ್ಕೆ ಹೊಡೆಯುವವರು ಕಡಿಮೆ. ಆರು ಅಡಿ ಮುಂಚೆಯೇ ನಿಲ್ಲಿಸುವವರು ಬೇಕಾದಷ್ಟು ಜನ.

ಒಂದೇ ಚೆಂಡು ತಗೊಳ್ಳಿ. ಒಂದೇ ಜಾಗದಿಂದ ಮೂರು ಚೆಂಡು ಹೊಡೆದರೆ ಎರಡನೆಯದೂ ಮೂರನೆಯದೂ ಬರೀ ನಕಲು. ಇಪ್ಪತ್ತು ಅಡಿಯಿಂದ ಒಂದು, ನಲವತ್ತರಿಂದ ಒಂದು, ಹದಿನೈದರಿಂದ ಏರಿನಲ್ಲಿ ಒಂದು, ಮೂವತ್ತರಿಂದ ಇಳಿಜಾರಿನಲ್ಲಿ ಒಂದು, ಹೀಗೆ ಜಾಗ ಬದಲಿಸುತ್ತಾ ಹೋಗಿ. ಹೊಡೆದ ಮೇಲೆ ತಲೆ ಎತ್ತುವ ಮುಂಚೆ ಬಾಯಿಬಿಟ್ಟು ಹೇಳಿ: ‘ಕಮ್ಮಿ’, ‘ಜಾಸ್ತಿ’ ಅಥವಾ ‘ಸರಿ’. ಆಮೇಲೆ ನೋಡಿ. ಮೊದಲ ದಿನ ನಿಮ್ಮ ಊಹೆ ಅರ್ಧಕ್ಕರ್ಧ ತಪ್ಪಬಹುದು. ಊಹೆ ಸರಿಯಾಗತೊಡಗಿದ ವಾರದಿಂದ ಪಟ್‌ಗಳೂ ಕುಳಿಯ ಹತ್ತಿರ ನಿಲ್ಲತೊಡಗುತ್ತವೆ.

ತಪ್ಪಿದರೆ ಚೆಂಡು ಕುಳಿ ದಾಟಿ ಒಂದು ಒಂದೂವರೆ ಅಡಿ ಆಚೆ ನಿಲ್ಲಬೇಕು. ಕುಳಿಯವರೆಗೂ ಹೋಗದ ಚೆಂಡು ಬೀಳುವ ಮಾತೇ ಇಲ್ಲ, ಅಲ್ವಾ. ಇನ್ನೊಂದು ಮಾತು: ಎಂಟು ಅಡಿಯ ಪಟ್‌ಗಳಲ್ಲಿ ಪಿಜಿಎ ಟೂರ್‌ನ ವೃತ್ತಿಪರರೂ ಹಾಕುವುದು ಸುಮಾರು ಅರ್ಧದಷ್ಟನ್ನು ಮಾತ್ರ. ನೀವು ಹತ್ತು ಅಡಿಯದು ತಪ್ಪಿತೆಂದು ಪಟರ್ ಬದಲಿಸಲು ಹೊರಡಬೇಡಿ.

## ಹಂತ 4: ಗ್ರೀನ್ ಸುತ್ತಮುತ್ತ

ಚಿಪ್ (ಗ್ರೀನ್ ಪಕ್ಕದಿಂದ ಹೊಡೆಯುವ ಚಿಕ್ಕ ಹೊಡೆತ) ಕೆಡುವುದು ಚೆಂಡನ್ನು ‘ಎತ್ತಲು’ ಹೋಗುವುದರಿಂದ. ಮಣಿಕಟ್ಟು ಮಡಚಿ, ಮೈ ಹಿಂದಕ್ಕೆ ವಾಲಿಸಿ, ಸೌಟಿನಲ್ಲಿ ಸಾರು ಎತ್ತಿದ ಹಾಗೆ ಮಾಡುತ್ತಾರೆ. ಆಗ ಕ್ಲಬ್ ಒಂದೋ ಹಿಂದಿನ ನೆಲಕ್ಕೆ ಹೂತುಹೋಗುತ್ತದೆ, ಇಲ್ಲವೇ ಅಂಚು ಚೆಂಡಿನ ಹೊಟ್ಟೆಗೆ ಬಡಿದು ಗ್ರೀನ್‌ನಿಂದ ಆಚೆ ಹಾರಿಸುತ್ತದೆ. ಎತ್ತುವ ಕೆಲಸ ವೆಡ್ಜ್ ಅನ್ನುವ ಚಿಕ್ಕ ಕ್ಲಬ್ಬಿನ ಓರೆ ಮುಖ ಮಾಡುತ್ತದೆ, ನೀವು ಮಾಡಬೇಕಾಗಿಲ್ಲ.

ಕಾಲು ಹತ್ತಿರ ಇಡಿ. ಭಾರ ಎಡಗಾಲಿನ ಮೇಲೆ ಇರಲಿ, ಕೊನೆಯವರೆಗೂ ಅಲ್ಲೇ ಇರಲಿ. ಟವಲನ್ನು ಗ್ರೀನ್ ಅಂಚಿನಿಂದ ಮೂರು ಹೆಜ್ಜೆ ಒಳಗೆ ಹಾಸಿ, ಚೆಂಡು ಅದರ ಮೇಲೆ ಬೀಳಬೇಕು ಅಂತ ಹೊಡೆಯಿರಿ. ಕುಳಿಯನ್ನು ಮರೆತುಬಿಡಿ. ಟವಲ್ ಮೇಲೆ ಬೀಳಿಸುವುದು ಬಂದಮೇಲೆ ಅದೇ ಜಾಗದಿಂದ 8 ಐರನ್, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್ ಮೂರರಲ್ಲೂ ಹೊಡೆದು, ಬಿದ್ದ ಮೇಲೆ ಯಾವುದು ಎಷ್ಟು ಉರುಳುತ್ತದೆ ಅಂತ ಬರೆದುಕೊಳ್ಳಿ.

ಆಮೇಲೆ ಆಟ. ಗ್ರೀನ್ ಸುತ್ತ ಒಂಬತ್ತು ಬೇರೆ ಬೇರೆ ಜಾಗ, ಒಂದೇ ಚೆಂಡು. ಪ್ರತಿ ಜಾಗದಿಂದ ಒಂದು ಚಿಪ್, ಒಂದು ಪಟ್, ಅಂದರೆ ಪಾರ್ 2. ಒಟ್ಟು ಪಾರ್ 18. ಮೊದಲ ಸಲ 26-27 ಬಂದರೆ ನಾಚಿಕೆ ಬೇಡ. ತಾರೀಖು ಹಾಕಿ ಬರೆದಿಡಿ. ಉದ್ದ ಹುಲ್ಲಿನಲ್ಲಿ, ಇಳಿಜಾರಿನಲ್ಲಿ, ಬಂಕರ್‌ನಲ್ಲಿ (ಮರಳಿನ ಗುಂಡಿಯಲ್ಲಿ) ಒಂದೆರಡು ಇರಲಿ. ಚೆನ್ನಾಗಿರುವ ಹುಲ್ಲನ್ನೇ ಆರಿಸಿ ಚೆಂಡು ಇಡುವುದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ಭುಜದ ಎತ್ತರದಿಂದ ಬೀಳಿಸಿ, ನಿಂತಲ್ಲಿಂದ ಆಡಿ.

## ಹಂತ 5: ಐರನ್‌ನಲ್ಲಿ ಮೊದಲು ಚೆಂಡು, ಆಮೇಲೆ ನೆಲ

ಈಗ ರೇಂಜ್. ಮೊದಲು ಮೈ ಬಿಸಿಯಾಗಲಿ: ಸೊಂಟ, ಭುಜ ತಿರುಗಿಸಿ, ವೆಡ್ಜ್‌ನಲ್ಲಿ ಅರ್ಧ ಸ್ವಿಂಗ್‌ನ ಏಳೆಂಟು ಚೆಂಡು ಹೊಡೆಯಿರಿ. ಒಂದು ಕೋಲನ್ನು ಗುರಿಯತ್ತ ನೆಲದ ಮೇಲೆ ಮಲಗಿಸಿ, ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ಪಾದದ ಮುಂದೆ ಇಡಿ. ಕೋಲಿಲ್ಲದೆ ನಿಂತವರು ಗುರಿಯ ಬಲಕ್ಕೆ ತಿರುಗಿ ನಿಂತಿರುವುದೇ ಹೆಚ್ಚು, ಅವರಿಗೆ ಅದು ಗೊತ್ತೇ ಇರುವುದಿಲ್ಲ. ಆಮೇಲೆ ಚೆಂಡನ್ನು ಗುರಿಗೆ ತರಲು ಕೈ ಎಳೆಯುತ್ತಾರೆ. ನಿಂತ ತಪ್ಪನ್ನು ಸ್ವಿಂಗ್‌ನ ತಪ್ಪು ಅಂದುಕೊಂಡು ತಿಂಗಳುಗಟ್ಟಲೆ ಒದ್ದಾಡುತ್ತಾರೆ.

ಐರನ್ ಹೊಡೆತದಲ್ಲಿ ಕ್ಲಬ್ ಕೆಳಮುಖವಾಗಿ ಇಳಿಯುತ್ತಾ ಚೆಂಡಿಗೆ ತಾಗಬೇಕು, ಅದರ ತೀರಾ ತಗ್ಗಿನ ಬಿಂದು ಚೆಂಡಿನಿಂದ ಸ್ವಲ್ಪ ಮುಂದೆ ಇರಬೇಕು. ಹುಲ್ಲಿನ ಮೇಲೆ ಆಡಿದರೆ ಇದರ ಸಾಕ್ಷಿ ಕಣ್ಣಿಗೇ ಕಾಣುತ್ತದೆ: ಕಿತ್ತುಬಂದ ಹುಲ್ಲಿನ ಗುರುತು, ಅಂದರೆ ಡಿವಟ್, ಚೆಂಡು ಇದ್ದ ಜಾಗದ ಮುಂದಿನಿಂದ ಶುರುವಾಗಿರುತ್ತದೆ. ಹಿಂದಿನಿಂದ ಶುರುವಾಗಿದ್ದರೆ ಮೊದಲು ನೆಲಕ್ಕೆ ಹೊಡೆದಿದ್ದೀರಿ.

ತೊಂದರೆ ಏನೆಂದರೆ ರೇಂಜ್‌ನ ಮ್ಯಾಟ್ ಈ ಸಾಕ್ಷಿಯನ್ನು ನುಂಗಿಹಾಕುತ್ತದೆ. ಚೆಂಡಿಗಿಂತ ಎರಡು ಇಂಚು ಹಿಂದೆ ಬಡಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡಿಗೆ ತಾಗುತ್ತದೆ, ಚೆಂಡು ಸುಮಾರಾಗಿ ಹಾರಿಯೂ ಹೋಗುತ್ತದೆ. ಹುಲ್ಲಿನಲ್ಲಿ ಅದೇ ಏಟಿಗೆ ಚೆಂಡು ಅರ್ಧ ದಾರಿಯೂ ಹೋಗಲ್ಲ. ಭಾನುವಾರದ ನಿಗೂಢಕ್ಕೆ ಉತ್ತರ ಬಹುಪಾಲು ಇಲ್ಲೇ ಇದೆ.

ಅದಕ್ಕೆ ಟವಲ್. ನಾಲ್ಕಾಗಿ ಮಡಚಿ ಚೆಂಡಿನ ಹಿಂದೆ ನಾಲ್ಕೈದು ಇಂಚು ಬಿಟ್ಟು ಇಡಿ. ಟವಲಿಗೆ ತಾಗದೆ ಚೆಂಡು ಹೊಡೆಯಬೇಕು. ಮೊದಲು ಸೊಂಟದಿಂದ ಸೊಂಟದವರೆಗಿನ ಚಿಕ್ಕ ಸ್ವಿಂಗ್, ಹತ್ತರಲ್ಲಿ ಎಂಟು ಸಲ ಟವಲ್ ಅಲುಗದೆ ಬಂದರೆ ಮುಕ್ಕಾಲು ಸ್ವಿಂಗ್, ಆಮೇಲೆ ಪೂರ್ತಿ. ಟವಲ್ ಪದೇ ಪದೇ ಒದ್ದುಕೊಂಡು ಹೋಗುತ್ತಿದ್ದರೆ ಭಾರ ಬಲಗಾಲಿನಲ್ಲೇ ಉಳಿದಿದೆಯಾ ನೋಡಿ. ಪರೀಕ್ಷೆ ಸುಲಭ: ಸ್ವಿಂಗ್ ಮುಗಿದಾಗ ಬಲಗಾಲನ್ನು ನೆಲದಿಂದ ಎತ್ತಿ ನಿಲ್ಲಲು ಬರಬೇಕು.

ಕ್ಲಬ್ ಮುಖದ ಎಲ್ಲಿ ಚೆಂಡು ತಾಗುತ್ತಿದೆ ಅಂತ ತಿಳಿಯಲು ಮಾರ್ಕರ್. ಚೆಂಡಿನ ಹಿಂಭಾಗದಲ್ಲಿ ಕಾಳಿನಷ್ಟು ದಪ್ಪ ಚುಕ್ಕೆ ಹಾಕಿ, ಆ ಚುಕ್ಕೆ ಕ್ಲಬ್ಬಿನತ್ತ ಇರುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಅಚ್ಚು ಬಿದ್ದಿರುತ್ತದೆ. ಒರೆಸಿ, ಮತ್ತೆ ಹೊಡೆಯಿರಿ. ಐದು ಅಚ್ಚು ನೋಡಿದರೆ ಸಾಕು, ಮುಖದ ಹಿಮ್ಮಡಿಯ ಕಡೆ (ಕ್ಲಬ್ಬಿನ ಕಾವಿಗೆ ಹತ್ತಿರದ ಭಾಗದಲ್ಲಿ) ಹೊಡೆಯುವವರೋ, ತುದಿಯ ಕಡೆಯವರೋ ಗೊತ್ತಾಗುತ್ತದೆ.

## ಹಂತ 6: ಚೆಂಡು ಎತ್ತ ಹೊರಟಿತು, ಎತ್ತ ಬಾಗಿತು

ಚೆಂಡು ಬಿದ್ದ ಜಾಗ ಮಾತ್ರ ನೋಡುವವರು ತಮ್ಮ ತಪ್ಪನ್ನು ಯಾವತ್ತೂ ಹಿಡಿಯಲಾರರು. ಎರಡು ವಿಷಯ ಬೇರೆ ಬೇರೆ ನೋಡಬೇಕು. ಚೆಂಡು ಹೊರಡುವ ದಿಕ್ಕು ಮುಖ್ಯವಾಗಿ ಕ್ಲಬ್ಬಿನ ಮುಖ ನೋಡುವ ದಿಕ್ಕು. ಗಾಳಿಯಲ್ಲಿ ಬಾಗುವುದು ಕ್ಲಬ್ ಸಾಗಿದ ದಾರಿಗೂ ಮುಖಕ್ಕೂ ಇರುವ ವ್ಯತ್ಯಾಸದಿಂದ. ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಬಲಕ್ಕೆ ಬಾಗುತ್ತದೆ, ಅದೇ ಸ್ಲೈಸ್. ಎಡಕ್ಕೆ ಮುಚ್ಚಿದ್ದರೆ ಹುಕ್.

ಸ್ಲೈಸ್ ಹೊಡೆಯುವವರು ಮಾಡುವ ದೊಡ್ಡ ತಪ್ಪು ಇನ್ನಷ್ಟು ಎಡಕ್ಕೆ ತಿರುಗಿ ನಿಲ್ಲುವುದು. ಕ್ಲಬ್ಬಿನ ದಾರಿ ಇನ್ನೂ ಎಡಕ್ಕೆ ಹೋಗುತ್ತದೆ, ಮುಖ ಅಲ್ಲೇ ಇರುತ್ತದೆ, ವ್ಯತ್ಯಾಸ ಹೆಚ್ಚುತ್ತದೆ, ಸ್ಲೈಸ್ ದೊಡ್ಡದಾಗುತ್ತದೆ. ಮತ್ತೆ ಇನ್ನೂ ಎಡಕ್ಕೆ. ಇದಕ್ಕೆ ಕೊನೆಯಿಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ಮಾರ್ಕರ್ ಅಚ್ಚು ನೋಡಿ. ಡ್ರೈವರ್‌ನಲ್ಲಿ ಹಿಮ್ಮಡಿಯ ಕಡೆ ತಾಗಿದರೆ ಸ್ವಿಂಗ್ ಸರಿ ಇದ್ದರೂ ಚೆಂಡು ಬಲಕ್ಕೆ ಬಾಗುತ್ತದೆ. ಎರಡನೆಯದು ಹಿಡಿತ. ಮೇಲಿನಿಂದ ನೋಡಿದಾಗ ಎಡಗೈಯ ಎರಡು, ಎರಡೂವರೆ ಗೆಣ್ಣು ಕಾಣಬೇಕು. ಒಂದೇ ಕಾಣುತ್ತಿದ್ದರೆ ಮುಖ ತೆರೆದುಕೊಳ್ಳುವುದು ಸಹಜ. ಕೈಯನ್ನು ಬಲಕ್ಕೆ ಸ್ವಲ್ಪ ತಿರುಗಿಸಿ ಹಿಡಿದಾಗ ‘ಇದೇನೋ ಸರಿಯಿಲ್ಲ’ ಅನಿಸುತ್ತದೆ. ಅನಿಸಲೇಬೇಕು. ಹೊಸ ಹಿಡಿತಕ್ಕೆ ಎರಡು ಮೂರು ವಾರ ಕೊಡಿ. ಇವೆರಡೂ ಆದಮೇಲೆ ಮಾತ್ರ ಸ್ವಿಂಗ್‌ನ ದಾರಿ.

ಫೋನ್ ತೆಗೆಯುವುದು ಈ ಹಂತದಲ್ಲಿ. ಗುರಿಯ ಗೆರೆಯ ಹಿಂದೆ, ಕೈಯ ಎತ್ತರದಲ್ಲಿ ನಿಲ್ಲಿಸಿ. ಮೂರು ಸ್ವಿಂಗ್ ಹಿಡಿದು ಒಂದೇ ವಿಷಯ ಹುಡುಕಿ. ಐದು ತಪ್ಪು ಕಾಣುತ್ತವೆ, ಕಾಣಲಿ. ಒಮ್ಮೆಗೆ ಒಂದನ್ನೇ ಮುಟ್ಟಿ.

## ಹಂತ 7: ಡ್ರೈವರ್

ಇದಕ್ಕೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಹೇಳದಿದ್ದರೂ ನೀವು ಹೊಡೆಯುತ್ತೀರಿ. ಚೆಂಡು ಎಡ ಹಿಮ್ಮಡಿಯ ಒಳಭಾಗದ ನೇರಕ್ಕೆ ಇರಲಿ, ಅರ್ಧ ಚೆಂಡು ಕ್ಲಬ್ಬಿನ ನೆತ್ತಿಗಿಂತ ಮೇಲೆ ಕಾಣುವಂತೆ ಟೀ ಇರಲಿ. ರೇಂಜ್‌ನಲ್ಲಿ ಎರಡು ಗುರುತು ಆರಿಸಿ, ಅವುಗಳ ನಡುವೆ ಸುಮಾರು ಮೂವತ್ತು ಗಜ ಇರಲಿ, ಅದೇ ನಿಮ್ಮ ಫೇರ್‌ವೇ (ಟೀಯಿಂದ ಗ್ರೀನ್‌ನತ್ತ ಹೋಗುವ ಕತ್ತರಿಸಿದ ಹುಲ್ಲಿನ ದಾರಿ). ಹತ್ತು ಹೊಡೆದು ಎಷ್ಟು ಒಳಗೆ ಬಿದ್ದವು ಅಂತ ಬರೆಯಿರಿ. ಒಂದು ದಿನಕ್ಕೆ ಹದಿನೈದು ಸಾಕು. ಆಮೇಲಿನದ್ದು ಬರೀ ಕೈಬಲದ ಪ್ರದರ್ಶನ.

## ಹಂತ 8: ರೇಂಜ್‌ನಲ್ಲೇ ಕೋರ್ಸ್ ಆಡಿ

ಜನ ಬಿಟ್ಟುಬಿಡುವ ಹಂತ ಇದೇ, ಕೋರ್ಸ್‌ಗೆ ದಾಟಿಸುವುದೂ ಇದೇ. ಬುಟ್ಟಿಯ ಕೊನೆಯ ಮೂರನೇ ಒಂದು ಭಾಗ ಇದಕ್ಕೇ ಮೀಸಲು. ಕೋಲು, ಟವಲ್ ಎಲ್ಲ ಎತ್ತಿಡಿ. ಬುಟ್ಟಿಯನ್ನು ಮೂರು ಹೆಜ್ಜೆ ದೂರ ಇಡಿ, ಪ್ರತಿ ಚೆಂಡಿಗೂ ನಡೆದು ಹೋಗಿ ತರಬೇಕು.

ನಿಮಗೆ ಗೊತ್ತಿರುವ ಕೋರ್ಸ್‌ನ ಮೊದಲ ಹೋಲ್ ಕಣ್ಣ ಮುಂದೆ ತಂದುಕೊಳ್ಳಿ. ಡ್ರೈವರ್ ತೆಗೆಯಿರಿ. ಚೆಂಡಿನ ಹಿಂದೆ ನಿಂತು ಗುರಿ ನೋಡಿ, ಉಸಿರು ಬಿಡಿ, ಒಂದು ಖಾಲಿ ಸ್ವಿಂಗ್ ಮಾಡಿ, ನಿಂತು ಹೊಡೆಯಿರಿ. ಬಲಕ್ಕೆ ಹೋಯಿತಾ? ಸರಿ, ಈಗ ನೀವು ಮರಗಳ ನಡುವೆ ಇದ್ದೀರಿ. ಮುಂದಿನ ಚೆಂಡು 5 ಐರನ್‌ನಲ್ಲಿ, ತಗ್ಗಾಗಿ, ಸುಮ್ನೆ ಫೇರ್‌ವೇಗೆ ವಾಪಸ್. ಆಮೇಲೆ 90 ಗಜ ಉಳಿಯಿತು, ವೆಡ್ಜ್. ಎರಡನೆಯ ಹೋಲ್‌ಗೆ ಮತ್ತೆ ಬೇರೆ ಕ್ಲಬ್, ಬೇರೆ ಗುರಿ. ಒಂದೇ ಕ್ಲಬ್ ಸತತ ಎರಡು ಸಲ ಹಿಡಿಯುವಂತಿಲ್ಲ, ಕೆಟ್ಟ ಹೊಡೆತಕ್ಕೆ ಇನ್ನೊಂದು ಅವಕಾಶವೂ ಇಲ್ಲ.

ಹೀಗೆ ಮಾಡಿದಾಗ ಹೊಡೆತಗಳು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತವೆ. ಅಲ್ಲಿಗೆ ಬೇಸರವಾಗಿ ಮತ್ತೆ 7 ಐರನ್‌ಗೆ ಓಡಬೇಡಿ. ಒಂದೇ ಹೊಡೆತ ಐವತ್ತು ಸಲ ಮಾಡಿದಾಗ ಆ ಕ್ಷಣಕ್ಕೆ ಚೆನ್ನಾಗಿ ಬರುತ್ತದೆ, ವಾರದ ನಂತರ ಉಳಿದಿರುವುದಿಲ್ಲ. ಬದಲಿಸಿ ಬದಲಿಸಿ ಹೊಡೆದಾಗ ಪ್ರತಿ ಸಲವೂ ಮೊದಲಿನಿಂದ ಯೋಚಿಸಬೇಕಾಗುತ್ತದೆ, ಅದಕ್ಕೇ ಅದು ತಲೆಯಲ್ಲಿ ಕೂರುತ್ತದೆ.

ಒಂದು ಎಚ್ಚರಿಕೆ: ರೇಂಜ್ ಚೆಂಡು ನೋಡಿ ನಿಮ್ಮ ಕ್ಲಬ್‌ಗಳ ದೂರ ನಿರ್ಧರಿಸಬೇಡಿ. ಸವೆದ ಚೆಂಡು, ಅಗ್ಗದ ಗಟ್ಟಿ ಚೆಂಡು ಸಾಮಾನ್ಯವಾಗಿ ಕಡಿಮೆ ಹೋಗುತ್ತವೆ. ದೂರದ ಲೆಕ್ಕ ಕೋರ್ಸ್‌ನಲ್ಲಿ, ನೀವು ಆಡುವ ಚೆಂಡಿನಿಂದಲೇ ಆಗಲಿ. ಅಪರೂಪಕ್ಕೆ ಬೀಳುವ ಅತಿ ಉದ್ದದ ಹೊಡೆತವನ್ನು ಲೆಕ್ಕಕ್ಕೆ ಸೇರಿಸಬೇಡಿ.

## ವಾರದ ಹಂಚಿಕೆ

ವಾರಕ್ಕೆ ಮೂರು ಗಂಟೆ ಸಿಕ್ಕರೆ ಒಂದೊಂದು ಗಂಟೆಯ ಮೂರು ದಿನ ಮಾಡಿ. ಒಂದೇ ದಿನ ಮೂರು ಗಂಟೆ ಹೊಡೆಯುವುದಕ್ಕಿಂತ ಅದು ಎಷ್ಟೋ ಮೇಲು. ಒಂದು ದಿನ ಪೂರ್ತಿ ಗ್ರೀನ್ ಮತ್ತು ಚಿಪ್. ಒಂದು ದಿನ ರೇಂಜ್, ಹಂತ 5ರಿಂದ 8ರವರೆಗೆ. ಮೂರನೆಯ ದಿನ ಪುಸ್ತಕ ಏನು ಹೇಳುತ್ತದೋ ಅದು. ಅರವತ್ತು ಚೆಂಡಿಗೆ ಒಂದು ಗಂಟೆ ಅನ್ನುವುದು ಸರಿಯಾದ ವೇಗ. ಇಪ್ಪತ್ತು ನಿಮಿಷದಲ್ಲಿ ಬುಟ್ಟಿ ಖಾಲಿಯಾದರೆ ನೀವು ಅಭ್ಯಾಸ ಮಾಡಲಿಲ್ಲ, ಬೆವರು ಸುರಿಸಿದಿರಿ ಅಷ್ಟೇ. ಆರು ವಾರಕ್ಕೊಮ್ಮೆ ಹಂತ 1ಕ್ಕೆ ಮರಳಿ, ಮತ್ತೆ ಮೂರು ರೌಂಡ್‌ನ ಲೆಕ್ಕ ಬರೆಯಿರಿ.

## ನಿಲ್ಲಿಸಬೇಕಾದ ಲಕ್ಷಣಗಳು

ಕೊನೆಯ ಹತ್ತು ಚೆಂಡು ಮೊದಲ ಹತ್ತಕ್ಕಿಂತ ಕೆಟ್ಟದಾಗಿದ್ದರೆ ಮೈ ದಣಿದಿದೆ. ‘ಒಂದು ಒಳ್ಳೆಯದು ಹೊಡೆದು ಹೋಗ್ತೀನಿ’ ಅನ್ನುವ ಹಟದಲ್ಲಿ ಇನ್ನೂ ಮೂವತ್ತು ಹಾಳಾಗುತ್ತವೆ. ಬ್ಯಾಗ್ ಕಟ್ಟಿ.

ಮೊಣಕೈಯ ಒಳಭಾಗದಲ್ಲಿ ನೋವು, ಕ್ಲಬ್ ಹಿಡಿದಾಗ ಜಾಸ್ತಿಯಾಗುವುದು. ಸೊಂಟದಲ್ಲಿ ಚುಚ್ಚಿದಂಥ ನೋವು. ಮಣಿಕಟ್ಟು ಬೆಳಿಗ್ಗೆ ಬಿಗಿಯಾಗಿರುವುದು: ಇವುಗಳಲ್ಲಿ ಒಂದು ಕಂಡರೂ ರೇಂಜ್ ಬಿಡಿ, ನೋವು ಉಳಿದರೆ ವೈದ್ಯರಿಗೆ ತೋರಿಸಿ. ಗಟ್ಟಿ ಮ್ಯಾಟ್ ಮೇಲೆ ನೂರಾರು ಚೆಂಡು ಹೊಡೆಯುವವರಿಗೆ ಮೊಣಕೈ, ಮಣಿಕಟ್ಟಿನ ನೋವು ಬೇಗ ಬರುತ್ತದೆ.

ಸ್ವಿಂಗ್ ಮಾಡುವ ಮುಂಚೆ ಪ್ರತಿ ಸಲವೂ ಹಿಂದೆ ಒಮ್ಮೆ ನೋಡಿ. ಮ್ಯಾಟ್‌ನ ಗೆರೆ ದಾಟಿ ಮುಂದೆ ಬಿದ್ದ ಟೀ ತರಲು ಯಾವತ್ತೂ ಹೋಗಬೇಡಿ, ಎರಡೇ ಹೆಜ್ಜೆ ಆದರೂ ಸರಿ.

ಕೊನೆಗೆ ನಿಮ್ಮ ಗ್ಲೌಸ್ ತಿರುಗಿಸಿ ನೋಡಿ. ಅಂಗೈಯ ಕೆಳಭಾಗದಲ್ಲಿ, ಕಿರುಬೆರಳಿನ ಕಡೆಯ ದಿಂಡಿನ ಹತ್ತಿರ ಸವೆದು ತೂತಾಗಿದೆಯಾ? ಹಾಗಿದ್ದರೆ ಕ್ಲಬ್ಬನ್ನು ಬೆರಳುಗಳಲ್ಲಿ ಹಿಡಿಯುವ ಬದಲು ಅಂಗೈಯಲ್ಲಿ ಹಿಡಿದಿದ್ದೀರಿ, ಸ್ವಿಂಗ್ ಮಧ್ಯೆ ಅದು ಜಾರುತ್ತಿದೆ. ಹೊಸ ಗ್ಲೌಸ್ ಕೊಳ್ಳುವ ಮುಂಚೆ ಹಿಡಿತ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಅದಕ್ಕೂ ಅಲ್ಲೇ ತೂತು ಬೀಳುತ್ತದೆ.